ನಿಮ್ಮ ಪೇಟೆಬೀದಿಯ ಎರಡು ಮೆಟ್ಟಿಲು

ಆಟದ ವಿನ್ಯಾಸ ವಿಭಾಗದ ಮುಖ್ಯಸ್ಥರೇ,

ತಮ್ಮ ಕಂಪ್ಯೂಟರ್ ಆಟವಾದ ‘ಬದುಕಿನ ಆಟ’ದ ಎರಡನೇ ಭಾಗದಲ್ಲಿ ತಾವು ನನಗೆ ಗಾಲಿಕುರ್ಚಿ ಕೊಟ್ಟಿದ್ದೀರಿ. ಅದರಲ್ಲಿ ಕೂತು ಒಳಗೆ ಹೋಗಲು ಪೇಟೆಯಲ್ಲಿ ಒಂದು ಬಾಗಿಲನ್ನೂ ಕೊಟ್ಟಿಲ್ಲ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. ಅಮೂಲ್ಯವಾದದ್ದನ್ನು ಜನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ತಾವೂ ಹಾಗೇ ಮಾಡಿರಬೇಕು. ಆದ್ದರಿಂದ ನಾಲ್ಕನೆಯದನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವಳು. ನಲವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಹನ್ನೊಂದು ವರ್ಷ ಕೂತು ಹಡಗಿನ ಸರಕು ಇಳಿಸಿದೆ. ಒಂದು ದಿನ ಪಾಳಿ ಮುಗಿಸಿ ಇಳಿಯುವಾಗ, ನೆಲಕ್ಕೆ ಇನ್ನು ನಾಲ್ಕೇ ಮೆಟ್ಟಿಲಿದೆ ಅನ್ನುವಾಗ, ಕಾಲು ಜಾರಿತು. ಆಸ್ಪತ್ರೆಗೆ ನೋಡಲು ಬಂದ ನಮ್ಮ ಮೇಸ್ತ್ರಿ, “ಮೇಲಿಂದ ಬಿದ್ದಿದ್ರೆ ಹೇಳ್ಕೊಳೋಕಾದ್ರೂ ಒಂದು ಕಥೆ ಇರ್ತಿತ್ತು” ಅಂದ. ಪಾಪ, ಸಮಾಧಾನಕ್ಕೆಂದೇ ಅಂದದ್ದು. ಅಂದಿನಿಂದ ಸೊಂಟದ ಕೆಳಗಿನದು ನನ್ನ ಮಾತು ಕೇಳುವುದಿಲ್ಲ.

ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ನಲವತ್ತಾರು ಮೆಟ್ಟಿಲು, ಎರಡು ತಿರುವು. ಕೆಳಗಿಳಿಯಬೇಕಾದರೆ ನನ್ನ ಗಂಡ ನನ್ನನ್ನು ಬೆನ್ನ ಮೇಲೆ ಹೊರಬೇಕು, ಕೆಳಮನೆಯ ಗಡಿಯಾರ ರಿಪೇರಿಯವರು ಕುರ್ಚಿ ಹೊರಬೇಕು. ನನ್ನವರು ಬ್ರೆಡ್ಡಿನ ವ್ಯಾನ್ ಓಡಿಸುತ್ತಾರೆ. ಹೋದ ವರ್ಷದಿಂದ ಅವರ ಸೊಂಟವೂ ಹಿಡಿದುಕೊಂಡಿದೆ. ಹಾಗಾಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಿಟ್ಟರೆ ನಾನು ಇಳಿಯುವುದಿಲ್ಲ. ಉಳಿದ ದಿನ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ. ಬಾಗಿಲು ತೆಗೆದರೆ ಮೊದಲನೇ ಮೆಟ್ಟಿಲು ಕಾಣುತ್ತದೆ. ಮುಚ್ಚುತ್ತೇನೆ.

ಆಟವನ್ನು ನನಗೆ ಹಚ್ಚಿದವಳು ತಂಗಿ. ಅವಳು ರೈಲಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಪಾರ್ಲರ್ ಕೆಲಸ ಮಾಡುತ್ತಾಳೆ. ಮೊದಲ ಭಾಗದಲ್ಲಿ ಗಾಲಿಕುರ್ಚಿಯೇ ಇರಲಿಲ್ಲ. ನಾನೂ ಕೇಳಲಿಲ್ಲ. ಅಲ್ಲಿ ಎಲ್ಲರಂತೆ ನಡೆದಾಡಿಕೊಂಡಿದ್ದೆ.

ಎರಡನೇ ಭಾಗದಲ್ಲಿ ಒಳ್ಳೆಯದೇನೂ ಇಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿ ಹೋದೀತು. ಆಟದ ನೆರೆಯವರಿಗೆ ಈಗ ನೆನಪಿನ ಶಕ್ತಿ ಬಂದಿದೆ. ಎರಡು ದಿನ ಮಾತಾಡಿಸದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ಮೋಡ ಕವಿದರೆ ಒಣಹಾಕಿದ ಬಟ್ಟೆ ಒಣಗುವುದಿಲ್ಲ. ಬೇರೆ ಬೇರೆ ಊರಿನ ಇಬ್ಬರು ಒಂದೇ ಪಟ್ಟಣದಲ್ಲಿ ಮನೆ ಮಾಡಬಹುದು. ನಮ್ಮಿಬ್ಬರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಇನ್ನು ಆ ಕುರ್ಚಿ. ನನ್ನ ಪಾತ್ರ ಹೊರಡುವ ಮೊದಲು ಚಕ್ರದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನಿರುತ್ತದೆ. ನಾನೂ ಹಾಗೇ ಮಾಡುತ್ತೇನೆ. ತಮ್ಮ ಕಚೇರಿಯಲ್ಲಿ ಯಾರೋ ಒಬ್ಬರು ನನ್ನಂಥವರನ್ನು ಹತ್ತಿರ ಕೂತು ನೋಡಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅವರನ್ನು ಬೀದಿ ಕಟ್ಟುವವರ ಕೋಣೆಗೆ ಮಾತ್ರ ಯಾಕೆ ಬಿಡಲಿಲ್ಲವೋ ಅದನ್ನೂ ತಿಳಿಸಿ.

ಈಗ ನಡೆದದ್ದು ಕೇಳಿ. ಒಂಬತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದ ನನ್ನ ತಂಗಿ ಈ ವರ್ಷ ಸ್ವಂತ ಪಾರ್ಲರ್ ತೆರೆದಳು. ಆ ವಾರ ನನ್ನವರ ನಡು ಪೂರ್ತಿ ಕೈಕೊಟ್ಟಿತ್ತು, ಗಡಿಯಾರದವರು ಊರಲ್ಲಿರಲಿಲ್ಲ. ನಾನು ಹೋಗಲಿಲ್ಲ. ಫೋನಿನಲ್ಲಾದರೂ ನೋಡಲೆಂದು ಅವಳು ಫೋನನ್ನು ಶಾಂಪೂ ಬಾಟಲಿಗೆ ಒರಗಿಸಿಟ್ಟಳು. ಯಾರದೋ ಕೈ ತಾಗಿ ಅದು ಮಗುಚಿತು. ತಂಗಿಯ ಜೀವಮಾನದ ಸಂಭ್ರಮದಲ್ಲಿ ನಾನು ಅರ್ಧ ಗಂಟೆ ನೋಡಿದ್ದು ಒಂದು ಫ್ಯಾನು.

ಸಂಜೆ ಅವಳೇ ಫೋನ್ ಮಾಡಿದಳು. “ಬೇಜಾರ್ ಮಾಡ್ಕೋಬೇಡ ಅಕ್ಕ. ಆಟದಲ್ಲಿ ಪಾರ್ಲರ್ ಇನ್ನೊಂದ್ಸಲ ತೆಗೀತೀನಿ. ಮೊದಲ ಗಿರಾಕಿ ನೀನೇ.”

ಮೂರು ವಾರ ಕೂತು ಅವಳು ತಮ್ಮ ಪೇಟೆಬೀದಿಯ ಒಂದು ಅಂಗಡಿಯೊಳಗೆ ತನ್ನ ಪಾರ್ಲರನ್ನು ಇದ್ದ ಹಾಗೇ ಕಟ್ಟಿದಳು. ಅದೇ ಹಸಿರು ಗೋಡೆ, ಅದೇ ದುಂಡು ಕನ್ನಡಿ, ಬಡಗಿ ಸೊಟ್ಟಗೆ ಹೊಡೆದುಹೋದ ಅದೇ ಕಪಾಟು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಒಳ್ಳೆ ಸೀರೆ ಉಟ್ಟು ಪರದೆಯ ಮುಂದೆ ಕೂತೆ. ಆಟಕ್ಕೆ ಸೀರೆ ಯಾಕೆ ಎಂದು ತಾವು ಕೇಳಬಹುದು. ಕೇಳಬೇಡಿ.

ನನ್ನ ಪಾತ್ರ ಬೀದಿಯುದ್ದಕ್ಕೂ ಚಕ್ರ ತಳ್ಳಿಕೊಂಡು ಹೋಗಿ ಪಾರ್ಲರ್ ಮುಂದೆ ನಿಂತಿತು. ಎರಡು ಮೆಟ್ಟಿಲು. ನನ್ನ ಪಾತ್ರ ಆಗದೆಂಬಂತೆ ಕೈ ಬೀಸಿತು, ತಲೆಯ ಮೇಲೆ ಕೆಂಪು ಗುರುತು ಮೂಡಿತು: ‘ದಾರಿ ಇಲ್ಲ’.

“ಅಕ್ಕ, ಬಾ ಒಳಗೆ,” ಫೋನಿನಲ್ಲಿ ತಂಗಿ.

“ಬರೋಕಾಗ್ತಿಲ್ಲ ಕಣೇ. ಮೆಟ್ಟಿಲಿದೆ.”

“ತಡಿ, ಇಳಿಜಾರು ಹಾಕ್ತೀನಿ.”

ಹಾಕಲು ಹೋದಳು. ‘ಪೇಟೆಬೀದಿಯ ಕಟ್ಟಡಗಳ ಹೊರಭಾಗವನ್ನು ಬದಲಾಯಿಸುವಂತಿಲ್ಲ’ ಎಂದಿತು ತಮ್ಮ ಆಟ. ಬೇರೆ ಅಂಗಡಿ ಹಿಡಿಯೋಣವೆಂದು ಬೀದಿಯನ್ನೆಲ್ಲ ಸುತ್ತಿದೆವು. ಬೇಕರಿಗೆ ಎರಡು ಮೆಟ್ಟಿಲು, ಗ್ರಂಥಾಲಯಕ್ಕೆ ಐದು, ಆಸ್ಪತ್ರೆಗೆ ಮೂರು. ಆಸ್ಪತ್ರೆಗೆ ಮೆಟ್ಟಿಲು ಕಟ್ಟುವಾಗ ತಮ್ಮವರಲ್ಲಿ ಒಬ್ಬರಿಗೂ ಕೈ ತಡೆಯಲಿಲ್ಲವೇ? ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನವರು, “ಕುರ್ಚಿ ಮಾಡಿದ್ಮೇಲೆ ಒಂದ್ಸಲನಾದ್ರೂ ಅದನ್ನ ಓಡಿಸಿ ನೋಡ್ಲಿಲ್ವಾ ಇವ್ರು?” ಅಂದರು. ಅವರು ಆಟ ಆಡಿದವರಲ್ಲ. ಹೊಸ ವ್ಯಾನ್ ಬಂದರೆ ಓಡಿಸಿ ನೋಡುವವರು.

ಆಗಲೇ ತಮ್ಮ ಸೇವಾ ವಿಭಾಗಕ್ಕೆ ಮೊದಲ ಸಲ ಬರೆದೆ. ಅಂದು ಮಾತ್ರ ಆ ‘ಅಮೂಲ್ಯ’ದ ಕೆಳಗೆ ಒಂದು ಪರಿಹಾರವೂ ಕೂಡಲೇ ಬಂತು: ‘ಪಾತ್ರದ ಸೆಟ್ಟಿಂಗ್ಸ್‌ಗೆ ಹೋಗಿ ಗಾಲಿಕುರ್ಚಿಯ ಆಯ್ಕೆಯನ್ನು ತೆಗೆದುಹಾಕಿದರೆ ಸಮಸ್ಯೆ ಬಗೆಹರಿಯುತ್ತದೆ.’ ಇಷ್ಟು ಸುಲಭದ ಮದ್ದು ನನ್ನ ವೈದ್ಯರಿಗೆ ಹೊಳೆದಿರಲಿಲ್ಲ.

ತೆಗೆದುಹಾಕಿದೆ. ನನ್ನ ಪಾತ್ರ ಎದ್ದು ನಿಂತಿತು, ಎರಡು ಮೆಟ್ಟಿಲು ಹತ್ತಿತು. ಮೊದಲ ಭಾಗದಲ್ಲಿ ನಡೆದವಳು ಕುರ್ಚಿಯಿಂದ ಎದ್ದವಳಾಗಿರಲಿಲ್ಲ. ನಿಜ ಹೇಳಿಬಿಡುತ್ತೇನೆ: ನಾನು ತಕ್ಷಣ ಒಳಗೆ ಹೋಗಲಿಲ್ಲ. ಅದನ್ನು ಇಳಿಸಿದೆ, ಮತ್ತೆ ಹತ್ತಿಸಿದೆ. ಹೀಗೆ ನಾಲ್ಕು ಸಲ. ನನ್ನವರು ಅದನ್ನು ನೋಡಿ ಮೆಲ್ಲನೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಪಾತ್ರೆ ತೊಳೆಯುವುದೇನೂ ಇರಲಿಲ್ಲ. ಮುಖ್ಯಸ್ಥರೇ, ಅದಕ್ಕೂ ತಮ್ಮ ಮೇಲೆ ನನಗೆ ಸಿಟ್ಟಿದೆ. ಬಿದ್ದಂದಿನಿಂದ ಐದು ವರ್ಷ ಹೇಗೋ ಕಟ್ಟಿಹಾಕಿಟ್ಟಿದ್ದ ಆಸೆಯನ್ನು ತಾವು ಒಂದು ಗುಂಡಿ ಒತ್ತಿಸಿ ಬಿಚ್ಚಿಬಿಟ್ಟಿರಿ.

ಐದನೇ ಸಲ ಒಳಗೆ ಹೋದೆ.

“ಅಕ್ಕ, ಏನ್ ಮಾಡ್ದೆ?”

“ಒಳಗ್ ಬಂದೆ.”

“ಇದು ನೀನಲ್ಲ. ಹೋಗಿ ಕುರ್ಚೀಲಿ ಬಾ.”

“ಕುರ್ಚೀಲಿ ಬಂದ್ರೆ ಬೀದೀಲೇ ನಿಲ್ಬೇಕು.”

“ಹಾಗಾದ್ರೆ ನಾನೇ ಬೀದಿಗ್ ಬರ್ತೀನಿ,” ಅಂದಳು.

ನಾನು ಮತ್ತೆ ಕುರ್ಚಿ ಹಾಕಿಕೊಂಡೆ. ಅವಳು ಕತ್ತರಿ ಹಿಡಿದು ಹೊರಗೆ ಬಂದಳು. ಬೀದಿಯಲ್ಲಿ ಕೂದಲು ಕತ್ತರಿಸಲು ತಮ್ಮ ಆಟ ಒಪ್ಪುವುದಿಲ್ಲ. ಸುಮ್ಮನೆ ಪಕ್ಕಪಕ್ಕದಲ್ಲಿ ಇದ್ದೆವು. ದಾರಿಹೋಕನೊಬ್ಬ ಬಂದು ‘ಇವತ್ತು ಬಿಸಿಲು ಹಿತವಾಗಿದೆ’ ಎಂದು ಮೂರು ಸಲ ಹೇಳಿಹೋದ.

ಮರುದಿನ ಅವಳು ಪಾರ್ಲರನ್ನು ಕಿತ್ತು, ಆಟದಲ್ಲಿ ನಾನು ನೆಲಮಟ್ಟದಲ್ಲಿ ಕಟ್ಟಿಕೊಂಡ ನನ್ನ ಮನೆಯ ಹಿತ್ತಲಿಗೆ ತಂದಳು. ಹಿತ್ತಲಿನ ಅಂಗಡಿಗೆ ತಮ್ಮ ಪಟ್ಟಣದ ಜನ ಬರುವುದಿಲ್ಲ; ಅವರನ್ನು ಹಾಗೆ ಮಾಡಿಲ್ಲ. ಪ್ರತಿ ಭಾನುವಾರ ಅವಳು ನನ್ನ ಒಬ್ಬಳ ಕೂದಲನ್ನೇ ಕತ್ತರಿಸುತ್ತಾಳೆ. ವಾಪಸ್ ಪೇಟೆಗೆ ಹೋಗೆಂದರೆ ಕೇಳುವುದಿಲ್ಲ. ಮನೆಯೊಳಗೆ ಇದ್ದವಳು ನಾನೊಬ್ಬಳೇ. ಈಗ ಅವಳನ್ನೂ ಎಳೆದುಕೊಂಡು ಕೂತಿದ್ದೇನೆ ಅನ್ನಿಸಿ ಆಟ ತೆರೆಯಲೇ ಮನಸ್ಸಾಗುವುದಿಲ್ಲ.

‘ನಿಜವಾದ ಪಟ್ಟಣ ಹೇಗಿರುತ್ತದೋ ಹಾಗೇ ಕಟ್ಟಿದ್ದೇವೆ’ ಎಂದು ತಾವು ಸಂದರ್ಶನದಲ್ಲಿ ಹೇಳಿದ್ದನ್ನು ಓದಿದೆ. ತಮ್ಮ ಪಟ್ಟಣದಲ್ಲಿ ಬೆಕ್ಕು ಗೋಡೆಯ ಮೂಲಕ ಹಾದುಹೋಗುತ್ತದೆ. ಬೆಳಿಗ್ಗೆ ಬಿತ್ತಿದ ಟೊಮೇಟೊ ಮಧ್ಯಾಹ್ನಕ್ಕೆ ಹಣ್ಣಾಗುತ್ತದೆ. ಕೆಲಸ ಕೇಳಿದವರಿಗೆಲ್ಲ ಆ ದಿನವೇ ಕೆಲಸ. ಇಷ್ಟೆಲ್ಲ ಕಡೆ ನಿಜವನ್ನು ಧಾರಾಳವಾಗಿ ಬಿಟ್ಟುಕೊಟ್ಟ ತಾವು ಎರಡು ಮೆಟ್ಟಿಲ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಪ್ರಾಮಾಣಿಕರಾದಿರಿ? ನಮ್ಮ ಕಟ್ಟಡದ ಮಾಲೀಕರು ಅಡಿಪಾಯ, ಜಾಗ, ಹಳೇ ಕಲ್ಲು ಎಂದು ಕಾರಣ ಹೇಳುತ್ತಾರೆ. ತಮ್ಮ ಕಲ್ಲು ಯಾವ ಬೆಟ್ಟದಿಂದ ಬಂದದ್ದು?

ನನ್ನ ಬೇಡಿಕೆ: ಮುಂದಿನ ಪರಿಷ್ಕರಣೆಯಲ್ಲಿ ಆ ಬೀದಿಯ ಒಂದು ಬಾಗಿಲಿಗಾದರೂ ಇಳಿಜಾರು ಹಾಕಿಸಿ.

ಇಲ್ಲ, ಇದನ್ನು ಓದಿಕೊಂಡಾಗ ನನಗೇ ನಾಚಿಕೆಯಾಯಿತು. ಒಂದು ಬಾಗಿಲು ಸಾಕೆಂದು ಕೇಳುವುದು ನನಗೆ ಯಾವಾಗ ರೂಢಿಯಾಯಿತೋ ಗೊತ್ತಿಲ್ಲ. ಎಲ್ಲ ಬಾಗಿಲಿಗೂ ಹಾಕಿಸಿ.

ಇಂತಿ,
ತಮ್ಮ ಪಟ್ಟಣವನ್ನು ಹೊರಗಿನಿಂದಲೇ ಮೆಚ್ಚಿಕೊಂಡಿರುವ
ಒಬ್ಬ ಮಾಜಿ ಕ್ರೇನ್ ಚಾಲಕಿ