ಮೂರನೆಯ ಹಸಿರು ತಂತಿ

ಮಾರ್ಚ್ ಹದಿನೇಳು

ಪ್ರೀತಿಯ ಚಿನ್ನಿ,

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರಿಸಿರಲಿಲ್ಲ. ಪುರುಸೊತ್ತು ಇರಲಿಲ್ಲ ಎಂದರೆ ನೀನು ನಗುತ್ತೀ. ನಿವೃತ್ತನಿಗೆ ಇರುವುದೇ ಅದೊಂದು. ಇಲ್ಲದಿದ್ದದ್ದು ಧೈರ್ಯ.

ಮೊದಲು ಅಮ್ಮನ ಕೈಯ ವಿಷಯ. ಸುಟ್ಟ ಗಾಯ ಒಣಗಿದೆ. ಆದರೆ ಬಲಗೈಯ ಹೆಬ್ಬೆರಳು, ತೋರುಬೆರಳು ಇನ್ನೂ ಕೂಡುತ್ತಿಲ್ಲ. ಹೊಲಿಯಲು ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ವಾಪಸು ಕೊಟ್ಟಳು.

ಸೋದರಮಾವ ಇನ್ನು ನಮ್ಮ ಹೊಸ್ತಿಲು ತುಳಿಯಬಾರದು ಎಂದು ನೀನು ಬರೆದಿದ್ದೆ. ಆ ಒಂದು ಸಾಲಿಗಾಗಿಯೇ ಈ ಪತ್ರ.

ನಡುಮನೆಯ ಆಡಿಯೊ ರ‍್ಯಾಕ್ ನೀನು ನೋಡಿಲ್ಲ. ಆಂಪ್ಲಿಫೈಯರ್, ರೇಡಿಯೊ, ರೆಕಾರ್ಡ್ ಪ್ಲೇಯರ್ ಎಲ್ಲವೂ ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಸ್ಕ್ರೂ ಬಿಗಿದು ನಿಲ್ಲಬೇಕೆಂಬುದು ನನ್ನ ಹಟ. ಮಾವ ತನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ಚೌಕಟ್ಟು ಮಾಡಿ ಹೊತ್ತು ತಂದ. ಇಳಿಸುವಾಗ, “ಭಾವ, ಇದು ಹಾಡು ಕೇಳೋಕಾ, ಆನೆ ಕಟ್ಟೋಕಾ?” ಎಂದ. “ಆನೆನಾದ್ರೂ ಹೇಳಿದ ಮಾತು ಕೇಳುತ್ತೆ” ಎಂದಳು ಅಮ್ಮ.

ಸ್ಕ್ರೂಗಳನ್ನು ಬಿಗಿದವನೂ ಅವನೇ. ಎಲ್ಲ ಜೋಡಿಸಿ ಹಚ್ಚಿದರೆ ಹಾಡಿನ ಹಿಂದೆ ಗುಂಯ್ ಎಂಬ ಸದ್ದು. ಮೂರು ಯಂತ್ರಗಳ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಒಂದಕ್ಕೊಂದು ಕೂಡಿ ಸುತ್ತು ಕಟ್ಟಿದಾಗ ಹಾಗಾಗುತ್ತದೆ. ಹತ್ತು ದಿನ ಹೆಣಗಿದೆ. ಕೊನೆಗೆ ಒಂದು ಪ್ಲಗ್ ಬಿಚ್ಚಿ, ಅರ್ಥಿಂಗಿನ ಹಸಿರು ತಂತಿ ಕತ್ತರಿಸಿದೆ, ಸದ್ದು ಅರ್ಧವಾಯಿತು. ಎರಡನೆಯದನ್ನೂ ಕತ್ತರಿಸಿದೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಉಳಿಯಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನೋಡಲು ಬಂದಿದ್ದ ಮಾವ ನನ್ನ ಕೈ ಹಿಡಿದುಕೊಂಡ.

“ಭಾವ, ಒಂದಾದ್ರೂ ಇರ್ಲಿ. ಕಬ್ಬಿಣ ಇದು.”

“ಮೂವತ್ತು ವರ್ಷ ಕರೆಂಟ್ ಇನ್‌ಸ್ಪೆಕ್ಟರ್ ಆಗಿದ್ದೋನಿಗೆ ನೀನು ಹೇಳ್ಕೊಡ್ತೀಯಾ?”

ಅರ್ಥಿಂಗ್ ಇಲ್ಲದ ಮನೆಗಳ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಿದ್ದವನು ನಾನು. ಮೂರನೆಯದನ್ನೂ ಕತ್ತರಿಸಿದೆ. ಸದ್ದು ಪೂರ್ತಿ ನಿಂತಿತು. ನನಗೆ ಬಹಳ ಸಂತೋಷವಾಯಿತು, ಅದನ್ನೂ ಬರೆದುಬಿಡುತ್ತೇನೆ.

ನಾಲ್ಕನೆಯ ದಿನ ಬೆಳಿಗ್ಗೆ ಹಾಡು ನಡೆಯುತ್ತಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಚೌಕಟ್ಟು ಒರೆಸಲು ಹೋದಳು. ನಾನು ಓಡಿಹೋಗಿ ಮೇನ್ ಸ್ವಿಚ್ ಆರಿಸುವ ತನಕ ಅವಳ ಕೈ ಕಬ್ಬಿಣ ಬಿಡಲಿಲ್ಲ.

ಆಸ್ಪತ್ರೆಯಿಂದ ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳಲ್ಲ. ಮಾವ ಬಿಗಿದ ಒಂದು ಸ್ಕ್ರೂ ಒಳಗಿನ ವೈರಿನ ಮೇಲೆ ಕೂತು, ಅದರ ಹೊದಿಕೆ ದಿನ ಕಳೆದಂತೆ ಸವೆದು ಹರಿದು, ಚೌಕಟ್ಟಿಗೆ ಕರೆಂಟು ಬಂದಿತ್ತು. ಆದರೆ ಹಸಿರು ತಂತಿ ಒಂದೇ ಒಂದು ಇದ್ದಿದ್ದರೂ ಆ ಕರೆಂಟು ನೆಲಕ್ಕೆ ಹರಿದು ಅದೇ ಕ್ಷಣ ಫ್ಯೂಸ್ ಹಾರುತ್ತಿತ್ತು. ನಾನು ಗೊಣಗಿಕೊಂಡು ಹೊಸ ಫ್ಯೂಸ್ ಹಾಕುತ್ತಿದ್ದೆ, ಅಷ್ಟೇ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಅಮ್ಮನ ಮಂಚದ ಪಕ್ಕದಲ್ಲೇ ನಿಂತು ಸ್ಕ್ರೂ ವಿಷಯ ಮಾತ್ರ ಹೇಳಿದೆ. ಮಾವ ಅಲ್ಲೇ ಇದ್ದ. ನನ್ನ ಮುಖ ನೋಡಿದ. ಆಮೇಲೆ, “ಹೌದಕ್ಕ, ತಪ್ಪು ನಂದೇ” ಎಂದ.

ಮೊನ್ನೆ ಅವನ ಶೆಡ್ಡಿಗೆ ಹೋಗಿದ್ದೆ. “ಯಾಕಪ್ಪ ಅವತ್ತು ತಂತಿ ವಿಷಯ ಹೇಳ್ಲಿಲ್ಲ?” ಎಂದು ಕೇಳಿದೆ. ಕೈಯಲ್ಲಿದ್ದ ಗ್ರೈಂಡರ್ ಆರಿಸಿದ.

“ನನ್ ಮೇಲಾದ್ರೆ ಅಕ್ಕ ಒಂದು ವರ್ಷ ಸಿಟ್ಟಾಗಿರ್ತಾಳೆ. ನಿಮ್ ಮೇಲಾದ್ರೆ ದಿನಾ ಒಂದೇ ಮನೇಲಿ ಇರ್ಬೇಕಲ್ಲ, ಭಾವ.”

ಅವನಿಗೆ ಇವತ್ತೇ ಫೋನ್ ಮಾಡು. ನನ್ನನ್ನು ಬೈಯುವುದಿದ್ದರೆ ನಿಧಾನವಾಗಿ, ಬೇರೆ ಕಾಗದದಲ್ಲಿ ಬೈ.

ನೀವಿಬ್ಬರೂ ನೂರ್ಕಾಲ ಚೆನ್ನಾಗಿರಿ.

ನಿನ್ನ
ಅಪ್ಪ

ಸಹಿ ಹಾಕಿದ ಮೇಲೆ ಬರೆದದ್ದು: ಅಮ್ಮ ಈಗ ಬಂದಳು. ಕಾಗದಕ್ಕೆ ಕೈ ಅಡ್ಡ ಇಟ್ಟೆ. “ಮಗಳಿಗಾ?” ಎಂದಳು. “ನಿನ್ನೆ ಅವನು ಬಂದಿದ್ದ, ನಾನು ಬಾಗಿಲು ತೆಗೀಲಿಲ್ಲ ಅಂತ ಬರೀರಿ. ಒಡಹುಟ್ಟಿದೋನು ಅಂತ ಇನ್ನೆಷ್ಟು ಸಹಿಸ್ಲಿ?” ಅವಳಿಗೆ ನಾನಿನ್ನೂ ಹೇಳಿಲ್ಲ, ಚಿನ್ನಿ. ಆಗಲಾದರೂ ಹೇಳಬಹುದಿತ್ತು. “ಆಯ್ತು, ಬರೀತೀನಿ” ಎಂದೆ.

ನಿನ್ನೆ ಅವನು ಬಂದಿದ್ದನಂತೆ. ಅಮ್ಮ ಬಾಗಿಲು ತೆಗೆಯಲಿಲ್ಲವಂತೆ.