ಕುಂಕುಮ ಹಚ್ಚಿದ ಹನ್ನೆರಡು ಬಾಟಲಿ

ಎವರ್‌ಗ್ರೀನ್, ಸ್ಯಾನ್ ಹೊಸೆ
೧೨ ಅಕ್ಟೋಬರ್ ೧೯೮೬

ಪ್ರೀತಿಯ ಅಮ್ಮ,

ನಿಮ್ಮ ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ ಕಾಗದ ಬರೆದು ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸು. ಫೋನ್ ಮಾಡೋಣವೆಂದರೆ ಅದು ಅಡುಗೆಮನೆಯ ಗೋಡೆಯಲ್ಲಿದೆ, ಪಕ್ಕದಲ್ಲೇ ಓದಲೆಂದು ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಗುಲಾಬಿ ಅತ್ತೆ. ಹೇಳಬೇಕಾದ ದೂರೂ ಅವರದ್ದೇ.

ನನ್ನ ವೈನ್ ಕ್ಲಾಸಿನ ಪ್ರೊಫೆಸರು ಗುಳ್ಳೆ ಏಳುವ ವೈನಿನ ಹನ್ನೆರಡು ಬಾಟಲಿ ಕೊಟ್ಟಿದ್ದರು. ತೂತಿನ ಹಲಗೆಗೆ ತಲೆಕೆಳಗಾಗಿ ಸಿಕ್ಕಿಸಿ, ಎಷ್ಟು ತಿರುಗಿತೆಂದು ತಿಳಿಯಲು ತಳಕ್ಕೆ ಬಿಳಿ ಪೇಂಟಿನ ಗುರುತು ಹಾಕಿ, ಮೂರು ವಾರ ದಿನಾ ಇಷ್ಟಿಷ್ಟೇ ತಿರುಗಿಸಬೇಕು. ಗಸಿಯೆಲ್ಲ ಬಾಟಲಿಯ ಕತ್ತಿಗಿಳಿದು ವೈನು ತಿಳಿಯಾದರೆ ಚಳಿಗಾಲದಲ್ಲಿ ಅವರ ನೆಲಮಾಳಿಗೆಯಲ್ಲಿ ನನಗೆ ಕೆಲಸ. ಇಂಗ್ಲೆಂಡಿನ ನಮ್ಮ ತೋಟದಲ್ಲಿ ಅಪ್ಪ ತುಂಬಿಸುವ ವೈನ್ ಬಾಟಲಿಗಳು ಎರಡು ವರ್ಷದಿಂದ ಕದಡಿಯೇ ಬರುತ್ತಿವೆಯಲ್ಲ, ಅದಕ್ಕೇ ತಾನೇ ನಾನು ಇಷ್ಟು ದೂರ ಕಲಿಯಲು ಬಂದದ್ದು?

ಅತ್ತೆಗೆ ಮಾತ್ರ ದ್ರಾಕ್ಷಿ ಜ್ಯೂಸು, ಸೈನ್ಸ್ ಎಕ್ಸ್‌ಪೆರಿಮೆಂಟು ಅಂದಿದ್ದೆ. ದಿನಾ ಪೂಜೆ ನಡೆಯುವ ಮನೆ, ಇನ್ನೇನು ಹೇಳಲಿ? ವಾರ್ಡನ್ ಕೇಳುವ ಮೊದಲೇ ಸುಳ್ಳು ತಯಾರಿಟ್ಟುಕೊಳ್ಳುವುದನ್ನು ಮಂಗಳೂರಿನ ಹಾಸ್ಟೆಲು ಹತ್ತು ವರ್ಷ ಕಲಿಸಿದೆ.

ನಿನ್ನೆ ಆಯುಧಪೂಜೆ. ತಿರುಗಿಸಲು ತೊಡಗಿ ಇಪ್ಪತ್ತನೇ ದಿನ. ನಾನು ಲೈಬ್ರರಿಯಿಂದ ಬರುವಷ್ಟರಲ್ಲಿ ಅತ್ತೆ ಗ್ಯಾರೇಜು ತೊಳೆದು, ಲೀಲಾಧರ ಮಾವನ ಕಾರಿಗೆ ಹೂವಿಟ್ಟು, ನನ್ನ ಬಾಟಲಿಗಳ ಗುರುತನ್ನೆಲ್ಲ ಉಜ್ಜಿ ತೆಗೆದು, ಸಾಲಾಗಿ ನೆಟ್ಟಗೆ ನಿಲ್ಲಿಸಿ ಕುಂಕುಮ ಹಚ್ಚಿದ್ದಾರೆ! “ಎಂಥ ಅವಸ್ಥೆ ಮಾರಾಯ್ತಿ! ಓದುವ ಸಾಮಾನನ್ನು ಹಬ್ಬದ ದಿನ ತಲೆಕೆಳಗೆ ಇಡುವುದಾ? ಆ ಪೇಂಟು ತೆಗೆದು ತೆಗೆದು ನನ್ನ ಕೈ ಬಿದ್ದುಹೋಯಿತು” ಅಂತ ನನಗೇ ಬೈದರು. ಗಸಿ ಎದ್ದು ವೈನು ಗಂಜಿತಿಳಿಯ ಹಾಗಾಗಿದೆ. ನಾನು ಕಾರಿನ ಹಿಂದೆ ಕೂತು ಅತ್ತುಬಿಟ್ಟೆ.

ಬುಧವಾರ ಪ್ರೊಫೆಸರಲ್ಲಿ ಇನ್ನೂ ಮೂರು ವಾರ ಬೇಡುತ್ತೇನೆ. ಆದರೆ ನಿಜ ಹೇಳದೆ ಮತ್ತೆ ತಲೆಕೆಳಗೆ ಇಡುವುದು ಹೇಗೆ? ಹೇಳಿದರೆ ಬಾಟಲಿಗಳ ಜೊತೆ ನನ್ನನ್ನೂ ಹೊರಗಿಟ್ಟರೆ? ನೀನೇ ಅತ್ತೆಗೆ ಬರೆದುಬಿಡಮ್ಮ. ಅಪ್ಪನಿಗೆ ಇದನ್ನು ಓದಿ ಹೇಳಬೇಡ. ಇಂಗ್ಲಿಷರಾದ ಅವರಿಗೆ ಕನ್ನಡ ಬಾರದ್ದು ಇದೊಂದು ಸಲ ಒಳ್ಳೆಯದೇ ಆಯಿತು.

ನಿನ್ನ ಪೆದ್ದು ಮಗಳು,
ಸೌದಾಮಿನಿ

ತಾ.ಕ.: ಕವರು ಅಂಟಿಸುವ ಮೊದಲು ಗ್ಯಾರೇಜಿಗೆ ಹೋದೆ. ಅತ್ತೆ ಒಂದೊಂದೇ ಬಾಟಲಿಯನ್ನು ಹಲಗೆಗೆ ತಲೆಕೆಳಗಾಗಿ ಸಿಕ್ಕಿಸುತ್ತಿದ್ದರು. ತಳದಲ್ಲಿ, ಬಿಳಿ ಗುರುತಿದ್ದ ಜಾಗದಲ್ಲಿ, ಕುಂಕುಮ. “ನೀನು ವೈನು ಕಲಿಯಲು ಬಂದದ್ದು ಅಂತ ನಿನ್ನಮ್ಮ ಜಯಂತಿ ಆಗಸ್ಟಿನಲ್ಲೇ ಬರೆದಿದ್ದಾಳೆ ಮಗಾ. ಬಾಟಲಿ ತಲೆಕೆಳಗೆ ಇಡಬೇಕಂತ ಮಾತ್ರ ಬರೆದಿರಲಿಲ್ಲ, ನಿನ್ನೆ ನೀನು ಕಾರಿನ ಹಿಂದೆ ಅತ್ತಾಗಲೇ ನನಗೆ ತಿಳಿದದ್ದು. ನೀನಾದರೂ ಬಾಯಿ ಬಿಡಬಾರದಿತ್ತಾ?” ಅಂದರು. ಅಮ್ಮಾ! ಅವರಿಗೆ ಇನ್ನೇನೇನು ಬರೆದಿದ್ದೀ? ಬೇಗ ಉತ್ತರ ಬರೆ.