ಹೊಕ್ಕಳವರೆಗೆ ಇಳಿದ ಉಸಿರು

ಜನವರಿ ೧೨, ಸೋಮವಾರ

ಲೋಕಲ್ ರೈಲಿನ ನೂಕಾಟದಲ್ಲಿ ಬಿದ್ದ ದಿನದಿಂದ ನನ್ನ ಉಸಿರು ಎದೆಯಿಂದ ಕೆಳಗೆ ಇಳಿದಿರಲಿಲ್ಲ. ಗಾಡಿ ಕಂಡರೆ ಮೈಯೆಲ್ಲ ಬಿಗಿಯುತ್ತದೆ.

ಇವತ್ತು ನಾನು ಕೆಲಸಕ್ಕೆ ಹೋಗುವ ಮನೆಯೊಡತಿ ಶೀತಲ ವೈನಿ ತಾವು ಕಲಿತ ರೇಕಿ ಎಂಬ ಕೈಚಿಕಿತ್ಸೆ ಮಾಡುತ್ತೇನೆಂದು ನನ್ನನ್ನು ಚಾಪೆಯ ಮೇಲೆ ಮಲಗಿಸಿದರು. ನಾಚಿಕೆಯಿಂದ ಕಣ್ಣು ಮುಚ್ಚಿದೆ. ಮುಟ್ಟದೆ ಸುಳಿಯುವ ಕೈಯ ಬಿಸಿ, ದೃಷ್ಟಿ ತೆಗೆಯುವ ಅವ್ವನ ಕೈಯದೇ ಅನಿಸಿತು. ಎಲ್ಲೋ ತೇಲುತ್ತಿದ್ದೆ. ಕೈ ಮುಖದ ಹತ್ತಿರ ಬಂದಾಗ, ಅವ್ವನ ಮುಷ್ಟಿಯ ಉಪ್ಪು-ಮೆಣಸಿನಕಾಯಿಗೆ ಉಗುಳುವಂತೆ ಥೂ, ಥೂ, ಥೂ ಎಂದುಬಿಟ್ಟೆ.

"ಅಯ್ಯ ನೀಲವ್ವಾ, ನನ್ನ ಕೈಯಾಗ ಉಗಳಿದೇನ! ಇದು ರೇಕಿ, ದೃಷ್ಟಿ ತಗ್ಯೂದಲ್ಲ!"

ವೈನಿ ನಕ್ಕರು. ನಾನೂ ಹೊಟ್ಟೆ ಕುಣಿಯುವಷ್ಟು ನಕ್ಕೆ. ಆಮೇಲೆ ಉಸಿರು ತಾನಾಗಿಯೇ ಹೊಕ್ಕಳವರೆಗೆ ಇಳಿಯಿತು.

ಬರೆಯುವಾಗ ಎಡಗೈ ಹೊಟ್ಟೆಯ ಮೇಲಿದೆ. ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ನಾಳೆ ಗಾಡಿ ಬಂದಾಗಲೂ ಕೈ ಇಲ್ಲೇ ಇಡಬೇಕು. ನಿದ್ದೆ ಬರುತ್ತಿದೆ, ಎಷ್ಟು ದಿನದ ಮೇಲೆ...